ಮಧ್ಯಾಹ್ನದ ಬಿಸಿನೀರು

ಮಣಿಪಾಲ
9 ಜನವರಿ 2024, ಮಂಗಳವಾರ

ಮಾಮಿಗೆ ಭಾವನಾಳ ನಮಸ್ಕಾರಗಳು.

ನಿನ್ನೆ ಫೋನಿನಲ್ಲಿ ನಾನು ಕಿರುಚಿದ್ದು ನಿಮಗೊಬ್ಬರಿಗೆ ಬಿಟ್ಟು ಇಡೀ ವಾರ್ಡಿಗೆ ಕೇಳಿಸಿತು. “ಇದು ಎಳೆಯ ಮಕ್ಕಳನ್ನು ಇಟ್ಟ ಜಾಗ, ಮೀನು ಮಾರ್ಕೆಟ್ ಅಲ್ಲ” ಎಂದು ನರ್ಸ್ ಆಂಜೆಲಾ ಗದರಿದರು. ನಿಮ್ಮ ಫೋನಿಗೆ ಮೆಸೇಜು ಹಾಕಿದರೆ ನೀವು ತೆರೆದು ನೋಡುವವರಲ್ಲ. ಹಾಗಾಗಿ ಇನ್ನು ಕಾಗದವೇ ಸರಿ. ಜೋಸ್ಲಿನ್ ಬಾಯಿ ದಿನಾ ಬಜಗೋಳಿಯಿಂದ ಇಲ್ಲಿಯ ಬಟ್ಟೆ ಒಗೆಯುವ ವಿಭಾಗಕ್ಕೆ ಬರುತ್ತಾರಲ್ಲ, ನಿಮ್ಮ ಗಂಜಿ ಪಾತ್ರೆ ತರುವವರು ನನ್ನ ಕಾಗದವನ್ನೂ ಒಯ್ಯುತ್ತಾರಂತೆ. ಮನೆಯಲ್ಲಿ ತುಳು ಮಾತಾಡಿ ಈಗ ನಿಮಗೆ ಕನ್ನಡದಲ್ಲಿ ಬರೆಯುವಾಗ ಪಂಚಾಯತಿಗೆ ಅರ್ಜಿ ಬರೆದ ಹಾಗೆ ಆಗುತ್ತದೆ. ನಗಬೇಡಿ.

ಮಗಳಿಗೆ ಇವತ್ತು ಆರು ದಿನ. ಸಾವಿರದ ನಾನೂರು ಗ್ರಾಂ. ನೀವು ಮೊದಲ ದಿನ ಗಾಜಿನ ಆಚೆಯಿಂದ ನೋಡಿ ಹೋದಾಗ ಇದ್ದುದಕ್ಕಿಂತ ಸ್ವಲ್ಪ ಇಳಿದಿದ್ದಾಳೆ. ಮೊದಲ ವಾರ ಎಲ್ಲ ಮಕ್ಕಳೂ ಇಳಿಯುತ್ತಾರಂತೆ. ಎಂಟು ತಿಂಗಳಿಗೆ ಹುಟ್ಟಿದ ಮಗು ಸಣ್ಣದೇ, ಆದರೆ ಇವಳು ಎಂಟು ತಿಂಗಳಿಗೂ ಸಣ್ಣವಳು ಎಂದು ಡಾಕ್ಟರ್ ಶರ್ವಾಣಿ ಹೇಳಿದರು. ಮೂಗಿನಿಂದ ಒಂದು ನಳಿಕೆ ಹೊಟ್ಟೆಗೆ ಹೋಗಿದೆ. ನಾನು ಹಿಂಡಿ ಕೊಟ್ಟ ಹಾಲನ್ನು ಅದರಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಅವಳನ್ನು ಬೆಚ್ಚಗೆ ಇಟ್ಟ ಗಾಜಿನ ಪೆಟ್ಟಿಗೆಯ ಮೇಲೆ ‘ಭಾವನಾ ಅವರ ಮಗು’ ಎಂದು ಚೀಟಿ ಅಂಟಿಸಿದ್ದಾರೆ.

ಡಾಕ್ಟರು ತುಂಬಾ ಪ್ರಶ್ನೆ ಕೇಳಿದರು. ಸಕ್ಕರೆ ಉಂಟಾ, ಬಿ.ಪಿ. ಉಂಟಾ, ಮನೆಯಲ್ಲಿ ಯಾರಾದರೂ ಸೇದುತ್ತಾರಾ, ನೀವು ಸೇದುತ್ತೀರಾ? ಕೊನೆಯ ಪ್ರಶ್ನೆಗೆ ಪಕ್ಕದ ಹಾಸಿಗೆಯವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ. “ನಮ್ಮ ಮನೆಯಲ್ಲಿ ಗಂಡಸರೇ ಇಲ್ಲ ಡಾಕ್ಟ್ರೇ” ಎಂದೆ.

ಇಲ್ಲಿ ತಾಯಂದಿರಿಗೆ ಒಂದು ದೊಡ್ಡ ಕೋಣೆ ಕೊಟ್ಟಿದ್ದಾರೆ. ಎಲ್ಲರ ಅಮ್ಮಂದಿರೂ ಜೊತೆಗಿದ್ದಾರೆ. ನನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನಿಮ್ಮ ಗಂಜಿ ಪಾತ್ರೆ ಇರುತ್ತದೆ.

ಇಂತು,
ಭಾವನಾ


ಬಜಗೋಳಿ
11 ಜನವರಿ, ಗುರುವಾರ

ಭಾವನಾ ಮಗಾ,

ನಿನ್ನ ಕಾಗದ ಮೂರು ಸಲ ಓದಿದೆ. ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ನಿನ್ನ ಹಾಗೆ ಪಿಯುಸಿ ಮಾಡಿದವಳಲ್ಲ. ತಪ್ಪಿದ್ದರೆ ಕೆಂಪು ಗುರುತು ಹಾಕಿ ವಾಪಸು ಕಳುಹಿಸಬೇಡ ಮಾರಾಯ್ತಿ.

ಬೆಳಗ್ಗೆ ತಡವಾಯಿತು. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿ ಒಂದೇ ಓಟ ಓಡಿ ಜೋಸ್ಲಿನ್ ಬಾಯಿಯ ಕೈಗೆ ಪಾತ್ರೆ ಕೊಟ್ಟೆ. ಗಂಜಿಯ ಜೊತೆ ಬಾಣಂತಿ ಮದ್ದಿನ ಡಬ್ಬ ಇಟ್ಟಿದ್ದೇನೆ. ಖಾರ ಎಂದು ಪಕ್ಕದ ಹಾಸಿಗೆಯವಳಿಗೆ ದಾನ ಮಾಡಬೇಡ. ಒಂದೂವರೆ ಸೇರು ಬೆಳ್ಳುಳ್ಳಿ ಸುಲಿದು ಬೆರಳು ಉರಿದಿದೆ ನನಗೆ.

ನಾನು ಬಂದು ಕೂರಬೇಕಿತ್ತು. ಆ ಮೆಟ್ಟಿಲು ಹತ್ತಲು ಕಾಲು ಕೊಡುವುದಿಲ್ಲ, ದನ ಬೇರೆ ಉಂಟು, ನರ್ಸ್ ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಬಂದರೆ ನಿನಗೆ ಇಬ್ಬರನ್ನು ನೋಡಿಕೊಂಡ ಹಾಗೆ ಆಗುತ್ತದೆ.

ನೀನು ಬಿಟ್ಟುಹೋದ ಬೀಡಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಇವತ್ತು ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋದಾಗ ಚೆಕ್ ಮಾಡುವವ “ಎಂತ ವನಜಾಕ್ಷಿಯಕ್ಕ, ಎಲ್ಲಾ ನೂಲೂ ಎಡಕ್ಕೇ ಸುತ್ತಿದ್ದು, ಸೊಸೆ ಇಲ್ವಾ?” ಎಂದು ಕೇಳಿದ. ಎಡಕ್ಕೆ ಸುತ್ತುವುದು ಇಡೀ ಬಜಗೋಳಿಯಲ್ಲಿ ನಾನೊಬ್ಬಳೇ ಅಲ್ವಾ? ಆಸ್ಪತ್ರೆಯ ವಿಷಯ ಹೇಳಿದೆ. ಅಲ್ಲಿದ್ದ ಹೆಂಗಸರಿಗೆಲ್ಲ ನಿನ್ನ ಬಿಸಿನೀರಿನ ಕಥೆಯನ್ನೂ ಹೇಳಿದೆ. ಹೇಳದೆ ಕೇಳದೆ ದಿನಾ ಊಟ ಆದ ಮೇಲೆ ಬಚ್ಚಲ ಒಲೆ ಹಚ್ಚಿ ನನ್ನ ಮೊಣಕಾಲಿಗೆ ನೀರು ಕಾಯಿಸಿ ತರುತ್ತಿದ್ದಳು, ಬಸುರಿ ಹೆಂಗಸು, ಸ್ವಂತ ಮಗಳಿದ್ದರೂ ಮಾಡುತ್ತಿರಲಿಲ್ಲ ಎಂದೆ. ಎಲ್ಲರೂ ಬಾಯಿ ಬಿಟ್ಟು ಕೇಳಿದರು. ಕೆಲವರಿಗೆ ಹೊಟ್ಟೆಕಿಚ್ಚು ಆಯಿತು, ಆಗಲಿ.

ಈಗ ಮಧ್ಯಾಹ್ನ ಆದರೆ ಕಾಲು ತನ್ನಷ್ಟಕ್ಕೆ ನೀರನ್ನು ಕಾಯುತ್ತದೆ.

ಮಗು ಏಕೆ ಬೇಗ ಹುಟ್ಟಿತು? ಡಾಕ್ಟರು ಎಂತ ಹೇಳುತ್ತಾರೆ? ಮುಚ್ಚಿಡಬೇಡ.

ವನಜಾಕ್ಷಿ


ಮಣಿಪಾಲ
13 ಜನವರಿ, ಶನಿವಾರ

ಮಾಮಿ,

ಮದ್ದು ತಿಂದೆ. ಕಣ್ಣಲ್ಲಿ ನೀರು ಬಂತು. ಯಾರಿಗೂ ದಾನ ಮಾಡಲಿಲ್ಲ.

ಬಿಸಿನೀರಿನ ಸುದ್ದಿಯನ್ನು ದಯವಿಟ್ಟು ಊರಿಗೆಲ್ಲ ಹೇಳಬೇಡಿ. ಅದೇನು ದೊಡ್ಡ ವಿಷಯ ಅಲ್ಲ.

ನಿನ್ನೆಯಿಂದ ಮಗುವನ್ನು ಎದೆಗೆ ಹಾಕಿಕೊಳ್ಳಲು ಬಿಡುತ್ತಿದ್ದಾರೆ. ನಾನು ಒರಗು ಕುರ್ಚಿಯಲ್ಲಿ ಕೂತು ಎದೆ ತೆರೆಯಬೇಕು, ಅವಳನ್ನು ಬರೀ ಮೈಯಲ್ಲಿ ನನ್ನ ಮೈಗೆ ಅಂಟಿಸಿ ಮೇಲಿನಿಂದ ಬಟ್ಟೆ ಕಟ್ಟುತ್ತಾರೆ. ತಾಯಿಯ ಶಾಖದಲ್ಲಿ ಮಗುವಿನ ಉಸಿರು ಸರಿಯಾಗುತ್ತದಂತೆ. ಒಂದು ಗಂಟೆ ಹಾಗೇ ಇದ್ದೆವು. ಒಂದು ಪುಟ್ಟ ಬದನೆಯಷ್ಟು ಭಾರ, ಮಾಮಿ.

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಡಾಕ್ಟರ್ ಶರ್ವಾಣಿ ನನ್ನ ಬೆರಳಿನ ಕಲೆ ನೋಡಿ ಏನು ಕೆಲಸ ಎಂದು ಕೇಳಿದರು. ಬೀಡಿ ಕಟ್ಟುವುದು ಎಂದೆ. ಬಸುರಿಯಾದ ಮೇಲೂ ಕಟ್ಟಿದಿರಾ, ದಿನಕ್ಕೆ ಎಷ್ಟು ಹೊತ್ತು, ತಂಬಾಕು ಎಲ್ಲಿ ಇಡುತ್ತೀರಿ ಎಂದೆಲ್ಲ ವಿಚಾರಿಸಿದರು. ತಂಬಾಕಿನ ಪುಡಿ ಉಸಿರಿನಲ್ಲಿ, ಚರ್ಮದಲ್ಲಿ ಒಳಗೆ ಹೋಗುತ್ತದಂತೆ. ಅದು ರಕ್ತಕ್ಕೆ ಸೇರಿದರೆ ಮಗುವಿಗೆ ಹೋಗುವ ಆಹಾರ ಕಡಿಮೆಯಾಗಿ ಮಗು ಬೆಳೆಯದೆ ಇರಬಹುದು ಎಂದರು. ಫೈಲಿನಲ್ಲಿ ಬರೆದುಕೊಂಡರು. 

ರೋಹಿತ್ ಬಹ್ರೇನಿನಿಂದ ಫೋನ್ ಮಾಡಿದಾಗ ಇದನ್ನೇ ಹೇಳಿದೆ. ನಿಮ್ಮ ಮಗನಿಗೆ ಸಿಟ್ಟು ಬಂತು. ನಿಮಗೆ ಏನಾದರೂ ಹೇಳಿ ಕಳುಹಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಭಾವನಾ


ಬಜಗೋಳಿ
15 ಜನವರಿ, ಸೋಮವಾರ

ಭಾವನಾ,

ಕಾಗದ ಓದಿದೆ. ರೋಹಿತ್ ಜೋಸ್ಲಿನ್ ಬಾಯಿಯ ಫೋನಿಗೆ ಹೇಳಿದ್ದೂ ಗೊತ್ತಾಯಿತು. ಅಮ್ಮ ನನ್ನ ಹೆಂಡತಿಯ ಮಡಿಲಿಗೆ ತಂಬಾಕು ಹಾಕಿದಳು ಎಂದನಂತೆ. ಜೋಸ್ಲಿನ್ ಬಾಯಿ ಅದನ್ನು ನನಗೆ ಚೀಟಿಯಲ್ಲಿ ಬರೆದು ತೋರಿಸಿದರು. ನಾನು ಓದಿದ ಕೂಡಲೇ ಚೀಟಿಯನ್ನು ಹರಿದು ಹಾಕಿದರು, ಪಾಪ.

ಅವನು ಹೇಳಿದ್ದು ಸುಳ್ಳಲ್ಲ. ಮದುವೆಯಾಗಿ ಬಂದ ಎರಡನೇ ದಿನವೇ ತಂಬಾಕಿನ ಮೊರ, ಆ ತಡ್ಪೆಯನ್ನು ಮಡಿಲಿಗೆ ಕೊಟ್ಟು ನಿನ್ನನ್ನು ಬೀಡಿ ಕಟ್ಟಲು ಕೂರಿಸಿದವಳು ನಾನು.

ನಿನಗೆ ಹೇಳದ ಒಂದು ವಿಷಯ ಉಂಟು. ರೋಹಿತನಿಗಿಂತ ಮೊದಲು ನನಗೆ ಒಂದು ಹೆಣ್ಣು ಮಗು ಹುಟ್ಟಿತ್ತು. ಅದೂ ಬೇಗ ಬಂತು, ಅದೂ ಸಣ್ಣದು. ಹಳೆಯ ಸೀರೆಯಲ್ಲಿ ಸುತ್ತಿ ಒಲೆಯ ಹತ್ತಿರ ಇಟ್ಟುಕೊಂಡಿದ್ದೆವು. ಒಂಬತ್ತು ದಿನ ಇತ್ತು. ಹೆಸರು ಇಡಲಿಲ್ಲ. ದೇವರು ಕೊಟ್ಟ, ದೇವರು ತೆಗೆದುಕೊಂಡ ಎಂದು ನನ್ನ ಅತ್ತೆ ಹೇಳಿದರು, ನಾನೂ ಒಪ್ಪಿಕೊಂಡೆ. ನೋವು ಬರುವ ದಿನದವರೆಗೆ ನಾನು ಬೀಡಿ ಕಟ್ಟಿದ್ದೆ. ಇಷ್ಟು ವರ್ಷ ಆ ಎರಡು ವಿಷಯಗಳನ್ನು ಒಟ್ಟಿಗೆ ಯೋಚಿಸಿರಲೇ ಇಲ್ಲ. ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಮಗುವನ್ನು ಎದೆಗೆ ಹಾಕಿಕೊಳ್ಳುವುದನ್ನು ಒಂದು ದಿನವೂ ತಪ್ಪಿಸಬೇಡ.

ವನಜಾಕ್ಷಿ


ಮಣಿಪಾಲ
17 ಜನವರಿ, ಬುಧವಾರ

ಮಾಮಿ,

ನಿಮ್ಮ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.  ಬೀಡಿ ಕಟ್ಟಿದ್ದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ಬೇರೆ ಕಾರಣಗಳೂ ಇರುತ್ತವೆ. ಬೀಡಿ ಕಟ್ಟಿಯೂ ಗುಂಡುಗುಂಡಾದ ಮಕ್ಕಳನ್ನು ಹೆತ್ತವರು ನಮ್ಮ ಬ್ರಾಂಚಿನಲ್ಲೇ ಎಷ್ಟು ಮಂದಿ ಇಲ್ಲ? ನೀವು ಹಾಗೆಲ್ಲ ಯೋಚಿಸಬೇಡಿ.

ನಿನ್ನೆ ಮಗು ಉಸಿರಾಡುವುದನ್ನು ಮರೆತಳು. ಡಾಕ್ಟರು ಹೇಳಿದ್ದೇ ಹಾಗೆ, ‘ಮರೆಯುತ್ತಾರೆ’ ಎಂದು. ಯಂತ್ರ ಕೂಗಿತು, ಮುಖ ನೀಲಿಯಾಯಿತು. ಆಂಜೆಲಾ ಓಡಿ ಬಂದು ಪಾದವನ್ನು ಬೆರಳಿನಿಂದ ತಟ್ಟಿದರು, ಮತ್ತೆ ನೆನಪಾಯಿತು. ಇಪ್ಪತ್ತು ಸೆಕೆಂಡ್ ಅಂತೆ.  ಬೇಗ ಹುಟ್ಟಿದ ಮಕ್ಕಳಲ್ಲಿ ಇದು ಇರುವುದೇ, ಬೆಳೆದ ಹಾಗೆ ಹೋಗುತ್ತದೆ ಎಂದು ಸಮಾಧಾನ ಮಾಡಿದರು.

ಭಾನುವಾರ ಮಾತ್ರ ಎದೆಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ನಿದ್ದೆ ಬಂದಿತ್ತು.

ನಾಳೆ ಉಡುಪಿಯಲ್ಲಿ ಪರ್ಯಾಯ ಉತ್ಸವ. ಬಸ್ಸುಗಳೆಲ್ಲ ತುಂಬಿರುತ್ತವೆ, ಎರಡು ದಿನ ಬರುವುದಿಲ್ಲ ಎಂದು ಜೋಸ್ಲಿನ್ ಬಾಯಿ ಹೇಳಿದ್ದಾರೆ. ಗಂಜಿಗೆ ಚಿಂತೆ ಮಾಡಬೇಡಿ. ಇಲ್ಲಿ ಊಟ ಕೊಡುತ್ತಾರೆ.

ಭಾವನಾ


ಬಜಗೋಳಿ
21 ಜನವರಿ, ಭಾನುವಾರ

ಭಾವನಾ,

ಬೀಡಿ ಬಿಟ್ಟೆ. ಶುಕ್ರವಾರ ಬ್ರಾಂಚಿಗೆ ಹೋಗಿ ಕೆಲಸದ ಕಾರ್ಡು ವಾಪಸು ಕೊಟ್ಟೆ. ಹದಿನಾಲ್ಕನೇ ವರ್ಷಕ್ಕೆ ಕೂತವಳು, ಈಗ ಐವತ್ತೆಂಟು. ಬುದ್ಧಿ ಕೆಟ್ಟಿದೆಯಾ ಎಂದು ಕೈಸನ್ನೆ ಮಾಡಿ ಕೇಳಿದರು. ಕೇಳದವಳ ಹಾಗೆ ಬಂದೆ.

ಮನೆಯಲ್ಲಿದ್ದ ತಂಬಾಕೆಲ್ಲ ತೆಗೆದು ಗುಂಡಿ ತೋಡಿ ಹೂತೆ. ನೆಲ ಮೂರು ಸಲ ಒರೆಸಿದೆ. ನಿನ್ನ ಕೋಣೆಯ ಗೋಡೆಗೆ ಸುಣ್ಣ ಹೊಡೆಸಿದೆ. ತಡ್ಪೆ ಒಂದನ್ನು ಸುಡಲು ಆಗಲಿಲ್ಲ, ಅಟ್ಟಕ್ಕೆ ಹಾಕಿದ್ದೇನೆ. ಕೆಲಸ ಇಲ್ಲದೆ ಕೂತರೆ ಬೆರಳು ತಾನಾಗಿ ಸುತ್ತುತ್ತದೆ. ಸೆರಗಿನ ತುದಿಯನ್ನೇ ಸುತ್ತಿ ಸುತ್ತಿ ನೂಲು ಬಿಟ್ಟಿದೆ. ಮೊದಲು ನಾಲ್ಕು ಮಂದಿ ಜಗಲಿಗೆ ಬಂದು ಜೊತೆಗೆ ಕೂತು ಕಟ್ಟುತ್ತಿದ್ದರು. ಈಗ ಇಲ್ಲಿ ಅವರಿಗೆ ಎಂತ ಕೆಲಸ? ಯಾರೂ ಬರುವುದಿಲ್ಲ.

ಇನ್ನೊಂದು ನಿರ್ಧಾರ ಮಾಡಿದ್ದೇನೆ, ಬೇಡ ಎನ್ನಬೇಡ. ಮಗು ಮನೆಗೆ ಬರುವ ಹಿಂದಿನ ದಿನ ನಾನು ಕಾರ್ಕಳಕ್ಕೆ, ತಂಗಿಯ ಮನೆಗೆ ಹೋಗುತ್ತೇನೆ. ಒಂದು ವರ್ಷ ಅಲ್ಲೇ ಇರುತ್ತೇನೆ. ನನ್ನ ಮೈಯಲ್ಲಿ ನಲವತ್ತನಾಲ್ಕು ವರ್ಷದ ತಂಬಾಕು ಉಂಟು, ಎಷ್ಟು ಮಿಂದರೂ ಹೋಗುವುದಿಲ್ಲ. ಒಂದು ಮಗುವನ್ನು ಈ ಕೈಯಲ್ಲೇ ಕಳೆದುಕೊಂಡೆ. ಇನ್ನೊಂದನ್ನು ಮುಟ್ಟುವುದಿಲ್ಲ. ಬಾಣಂತನಕ್ಕೆ ಕಾಪುವಿನಿಂದ ನಿನ್ನ ಅತ್ತಿಗೆಯನ್ನು ಕರೆಸಿಕೋ. ನಿನ್ನ ಅಣ್ಣನಿಗೆ ನಾನೇ ಕಾಗದ ಬರೆಯುತ್ತೇನೆ.

ಒಂದು ಕೇಳುವುದುಂಟು. ಮಲಗಿದ ಮಗುವನ್ನೇ ಅಲ್ವಾ ಎದೆಗೆ ಹಾಕುವುದು? ನಿದ್ದೆ ಬಂದರೆ ಎಂತ ತೊಂದರೆ?

ವನಜಾಕ್ಷಿ


ಮಣಿಪಾಲ
24 ಜನವರಿ, ಬುಧವಾರ

ಮಾಮಿ,

ಕಾರ್ಕಳಕ್ಕೆ ಹೋಗಬೇಡಿ. ಅಣ್ಣನಿಗೂ ಬರೆಯಬೇಡಿ.

ಮಗು ಈಗ ಸಾವಿರದ ಆರುನೂರ ನಲವತ್ತು. ನಳಿಕೆ ತೆಗೆದಿದ್ದಾರೆ, ಚಮಚದಲ್ಲಿ ಕುಡಿಯುತ್ತಾಳೆ. ಇಲ್ಲಿ ಸೆಕೆ ಶುರುವಾಗಿದೆ. ನೀವು ಕಳುಹಿಸಿದ ಹತ್ತಿ ಸೀರೆ ಸಿಕ್ಕಿತು.

ಉಳಿದದ್ದು ಆಮೇಲೆ ಬರೆಯುತ್ತೇನೆ. ನಾಲ್ಕು ಹಾಳೆ ಬರೆದು ಹರಿದೆ.

ಭಾವನಾ


ಮಣಿಪಾಲ
27 ಜನವರಿ, ಶನಿವಾರ

ಮಾಮಿ,

ನಾನು ಬೀಡಿ ಸೇದಿದ್ದೇನೆ.

ಈ ಸಾಲನ್ನು ಮೇಲೆಯೇ ಬರೆಯದಿದ್ದರೆ ಇವತ್ತೂ ಬೇರೆ ಏನೋ ಬರೆದು ಕೆಳಗೆ ಹೆಸರು ಹಾಕಿಬಿಡುತ್ತಿದ್ದೆ. ಬಸುರಿಯಾಗಿದ್ದಾಗ ಸೇದಿದ್ದೇನೆ, ಕೊನೆಯ ದಿನದವರೆಗೆ. ಈಗ ನೀವು ಕುಳಿತುಕೊಂಡು ಉಳಿದದ್ದನ್ನು ಓದಿ.

ರೋಹಿತ್ ಜುಲೈಯಲ್ಲಿ ಹೊರಟಾಗ ನನಗೆ ಎರಡು ತಿಂಗಳು. ಆಮೇಲೆ ಮನೆಯಲ್ಲಿ ನಾವಿಬ್ಬರೇ. ಬೆಳಗ್ಗೆಯಿಂದ ಎದುರೆದುರು ಕೂತು ಬೀಡಿ ಕಟ್ಟುತ್ತಿದ್ದೆವು. ನೀವು ತಲೆಯೆತ್ತಿ ನಗುತ್ತಿದ್ದಿರಿ, ನಾನೂ ನಗುತ್ತಿದ್ದೆ. ನಿಮಗೆ ಕೇಳಿಸುವುದಿಲ್ಲ ಎಂದು ನಾನು ಮಾತಾಡುವುದನ್ನೇ ಬಿಟ್ಟೆ. ಜಗಲಿಗೆ ಬರುವವರ ಮಾತು ಅವರವರ ಮನೆಯದ್ದು. ಕೆಲವು ದಿನ ಸಂಜೆ ದನಕ್ಕೆ ‘ಬಾ’ ಎನ್ನುವಾಗಲೇ ನನ್ನ ಸ್ವರ ನನಗೆ ಮೊದಲ ಸಲ ಕೇಳಿಸುತ್ತಿತ್ತು.

ಕಾಪುವಿನಲ್ಲಿ ನನ್ನ ಅಪ್ಪ ದೋಣಿಯಿಂದ ಇಳಿದು ಬಂದು ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಕೂತು ಒಂದು ಬೀಡಿ ಹಚ್ಚುತ್ತಿದ್ದರು. ಅಮ್ಮ ಇಲ್ಲದ ಮನೆಗೆ ಅವರಿಗೆ ಬೇಗ ಹೋಗಲು ಮನಸ್ಸಿರಲಿಲ್ಲ. ಆ ಬೀಡಿ ಮುಗಿಯುವವರೆಗೆ ನನ್ನ ಶಾಲೆಯ ಸುದ್ದಿ ಕೇಳುತ್ತಿದ್ದರು. ಮುಗಿಯುತ್ತಾ ಬಂದ ಹಾಗೆ ನಾನು ಬೇಗಬೇಗ ಹೇಳುತ್ತಿದ್ದೆ. ಅವರು ಹೋಗಿ ಐದು ವರ್ಷ ಆಯಿತು.

ಆಗಸ್ಟಿನಲ್ಲಿ ಒಂದು ದಿನ ತಲೆ ಮೀಯಲೆಂದು ಮಧ್ಯಾಹ್ನ ಬಚ್ಚಲ ಒಲೆ ಹಚ್ಚಿದೆ. ಬ್ರಾಂಚಿಗೆ ಕೊಂಡುಹೋಗುವ ಮೊದಲು ನೀವು ಬೇರೆ ತೆಗೆದಿಡುವ ಕೆಟ್ಟ ಬೀಡಿಗಳಲ್ಲಿ ಒಂದು ಸೀರೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಅಪ್ಪನ ವಾಸನೆ ಬರಲಿ ಎಂದು ಕೆಂಡಕ್ಕೆ ಹಿಡಿದೆ. ವಾಸನೆ ಬಂತು. ಆಮೇಲೆ ಬಾಯಿಗೆ ಇಟ್ಟೆ.

ಮೊದಲು ಒಂದು. ಆಮೇಲೆ ಎರಡು, ಮೂರು. ದಿನಾ ಮಧ್ಯಾಹ್ನ. ಒಲೆಯ ಹೊಗೆಯಲ್ಲಿ ಬೀಡಿಯ ಹೊಗೆ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಯ ವಾಸನೆಗೆ ಹೆದರಬೇಕಾಗಿರಲಿಲ್ಲ, ನಮ್ಮ ಮನೆಯಲ್ಲಿ ತಲೆದಿಂಬಿಗೂ ತಂಬಾಕಿನದ್ದೇ ವಾಸನೆ. ಒಲೆ ಏಕೆ ಹಚ್ಚಿದೆ ಎಂದು ನೀವು ಕೇಳಬಾರದಲ್ಲ, ಅದಕ್ಕೆ ಬಕೆಟಿನಲ್ಲಿ ನೀರು ತಂದು ನಿಮ್ಮ ಕಾಲಿನ ಹತ್ತಿರ ಇಟ್ಟೆ. ನೀವು ನನ್ನ ತಲೆ ಸವರಿದಿರಿ. ಆ ನೀರು ನಿಮ್ಮ ಕಾಲಿಗಾಗಿ ಕಾಯಿಸಿದ್ದಲ್ಲ ಮಾಮಿ. ಒಂದು ದಿನವೂ ಅಲ್ಲ.

ಕೆಟ್ಟದ್ದು ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೀಡಿ ಕಟ್ಟಿನ ಮೇಲೆಯೇ ಚಿತ್ರ ಇರುತ್ತದೆ. ಆಶಾ ಕಾರ್ಯಕರ್ತೆ ಬಂದಾಗ “ಮನೆಯಲ್ಲಿ ಗಂಡಸರು ಸೇದಿದರೆ ಹೊರಗೆ ಕಳುಹಿಸಿ” ಎಂದು ಹೇಳಿದ್ದರು, ನಾನು ತಲೆಯಾಡಿಸಿದ್ದೆ. ನಾಳೆಯಿಂದ ಬಿಡುತ್ತೇನೆ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಸೀಮಂತದ ದಿನ ನೀವು ಹಸಿರು ಸೀರೆ ಉಡಿಸಿ ಮಡಿಲು ತುಂಬಿದಿರಿ. ನೆಂಟರು ಉಂಡು ಹೋದ ಮೇಲೆ ಆ ಸೀರೆಯಲ್ಲೇ ಬಚ್ಚಲಿಗೆ ಹೋದೆ.

ಭಾನುವಾರದ ಪ್ರಶ್ನೆ ಕೇಳಿದ್ದೀರಿ. ಮಗುವಿಗೆ ನಿದ್ದೆ ಬಂದಿರಲಿಲ್ಲ. ಆ ದಿನ ಎಲ್ಲರ ಮನೆಯವರೂ ಬಂದಿದ್ದರು. ನನಗೆ ಕೂರಲಾಗಲಿಲ್ಲ. ಅಲೆವೂರಿಗೆ ಹೋಗುವ ರಸ್ತೆಯ ಗೂಡಂಗಡಿಯಿಂದ ಒಂದು ಕಟ್ಟು ಬೀಡಿ ತಂದೆ. ಯಾರಿಗೆ ಎಂದು ಅಂಗಡಿಯವರು ಕೇಳಿದರು, ಗಂಡನಿಗೆ ಎಂದೆ. ನೀರಿನ ಟ್ಯಾಂಕಿನ ಹಿಂದೆ ನಿಂತು ಒಂದು ಸೇದಿದೆ. ವಾರ್ಡಿಗೆ ಬಂದಾಗ ಆಂಜೆಲಾ ಮಗುವನ್ನು ಎತ್ತಿ ತಂದು ನನ್ನ ಮುಂದೆ ಹಿಡಿದರು. ಅವಳು ಬಾಯಿ ತೆರೆದು ನನ್ನ ಎದೆಯ ಕಡೆ ತಲೆ ತಿರುಗಿಸಿದಳು. ನನ್ನ ಮೈಯ ವಾಸನೆ ನನ್ನ ಮೂಗಿಗೇ ಹೊಡೆಯಿತು. ಹೊಟ್ಟೆನೋವು ಎಂದು ಹೇಳಿ ಅಲ್ಲಿಂದ ಓಡಿದೆ. ಉಳಿದ ಬೀಡಿಯನ್ನೆಲ್ಲ ನಲ್ಲಿಯ ಕೆಳಗೆ ನೆನೆಸಿ ಎಸೆದೆ. ಆ ದಿನದಿಂದ ಮುಟ್ಟಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಕೈ ನಡುಗುತ್ತದೆ, ಮಂಚದ ಕಂಬಿ ಹಿಡಿದು ಕೂರುತ್ತೇನೆ.

ನೀವು ನಿಮ್ಮ ಮಗುವಿನ ವಿಷಯ ಬರೆದಾಗಲೇ ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ನೀವು ಕಾರ್ಡು ವಾಪಸು ಕೊಟ್ಟಾಗಲೂ ಹೇಳಲಿಲ್ಲ. ರೋಹಿತ್ ನಿಮ್ಮನ್ನು ಬೈಯುವಾಗ ಫೋನ್ ಕಿವಿಗೆ ಹಿಡಿದು ಹೂಂಗುಟ್ಟಿದೆ. ಅದಕ್ಕೆ ಕ್ಷಮೆ ಕೇಳಲೂ ನನಗೆ ಮುಖ ಇಲ್ಲ.

ನೀವು ಮನೆ ಬಿಡಬೇಡಿ. ಮಗುವನ್ನು ಮುಟ್ಟಬಾರದ ಕೈ ಇದ್ದರೆ ಅದು ನನ್ನದು.

ಭಾವನಾ


ಮಣಿಪಾಲ
31 ಜನವರಿ, ಬುಧವಾರ

ಮಾಮಿ,

ಜೋಸ್ಲಿನ್ ಬಾಯಿ ಗಂಜಿ ಪಾತ್ರೆ ತಂದರು. ಅದರ ಬಟ್ಟೆಯ ಗಂಟು ಬಿಚ್ಚಿ, ಪಾತ್ರೆ ಎತ್ತಿ, ಬಟ್ಟೆ ಕೊಡವಿ ನೋಡಿದೆ. ಕಾಗದ ಇರಲಿಲ್ಲ. ನಾಲ್ಕು ದಿನದಿಂದ ಹೀಗೆಯೇ. ಗಂಜಿ ಮಾತ್ರ ಬರುತ್ತಿದೆ.

ನಿಮಗೆ ಬರೆದ ಮೇಲೆ ಡಾಕ್ಟರಿಗೆ ಹೇಳುವುದು ಸುಲಭವಾಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲು ಮುಚ್ಚಿ ಕುಳಿತುಕೊಳ್ಳಿ ಎಂದರು. ನನ್ನ ಮಗು ಇದರಿಂದಲೇ ಹೀಗಾಯಿತಾ ಎಂದು ಕೇಳಿದೆ. “ಒಂದು ಮಗುವನ್ನು ತೋರಿಸಿ ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಭಾವನಾ. ಆದರೆ ತಾಯಿ ಸೇದಿದರೆ ಮಕ್ಕಳು ಬೇಗ ಹುಟ್ಟುವುದು, ಸಣ್ಣದಾಗಿ ಹುಟ್ಟುವುದು ಜಾಸ್ತಿ. ಇದು ನಮಗೆ ಚೆನ್ನಾಗಿ ಗೊತ್ತುಂಟು. ಪುಡಿಗಿಂತ ಹೊಗೆಯೇ ದೊಡ್ಡ ಕಾರಣ” ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ, ಅದು ನನಗೆ ಒಳ್ಳೆಯದೆನಿಸಿತು.

ಅವರು ಹೇಳಿದ್ದನ್ನು ನಿಮಗೂ ಬರೆಯಬೇಕು, ಓದುತ್ತೀರೋ ಇಲ್ಲವೋ. ಎದೆಹಾಲು ನಿಲ್ಲಿಸಬಾರದು. ಇಂಥ ಮಕ್ಕಳು ನಿದ್ದೆಯಲ್ಲೇ ಉಸಿರು ನಿಲ್ಲಿಸುವ ಭಯ ಹೆಚ್ಚು, ಹಾಗಾಗಿ ಯಾವಾಗಲೂ ಬೆನ್ನ ಮೇಲೆ ಮಲಗಿಸಬೇಕು. ದೊಡ್ಡವಳಾಗುವಾಗ ದಮ್ಮು, ಕಫ ಬರಬಹುದು. ಮನೆಯೊಳಗೆ ಹೊಗೆ ಇರಲೇಬಾರದು, ಒಲೆಯ ಹೊಗೆಯೂ. ಬೀಡಿ ಬಿಡಲು ಸಹಾಯ ಮಾಡುವ ಒಬ್ಬರ ಹತ್ತಿರ ಕಳುಹಿಸಿದ್ದಾರೆ, ವಾರಕ್ಕೆ ಎರಡು ಸಲ ಹೋಗಿ ಮಾತಾಡುತ್ತೇನೆ. ಬಿಡುವುದು ಕಷ್ಟವೇ, ಆದರೆ ಒಬ್ಬರು ಕೂತು ಕೇಳುತ್ತಾರೆ.

ರೋಹಿತ್‌ಗೂ ಹೇಳಿದೆ. ಫೋನ್ ಇಟ್ಟುಬಿಟ್ಟರು. ಎರಡು ದಿನ ಆಯಿತು.

ಭಾವನಾ


ಮಣಿಪಾಲ
5 ಫೆಬ್ರವರಿ, ಸೋಮವಾರ

ಮಾಮಿ,

ಶನಿವಾರ ಮನೆಗೆ ಹೋಗಬಹುದು ಎಂದಿದ್ದಾರೆ. ಸಾವಿರದ ಒಂಬೈನೂರ ಐವತ್ತು. ಉಸಿರು ಮರೆಯದೆ ಇಪ್ಪತ್ತು ದಿನ ಆಯಿತು.

ಯಾವ ಮನೆಗೆ ಹೋಗಬೇಕು ಎಂದು ನನಗೆ ಗೊತ್ತಿಲ್ಲ. ರೋಹಿತ್ ನಿನ್ನೆ ಫೋನ್ ಮಾಡಿ “ಅಮ್ಮ ಎಂತ ಹೇಳುತ್ತಾಳೋ ಹಾಗೆ” ಎಂದರು. ಅಣ್ಣನಿಗೆ ಕೇಳಿದರೆ ಅತ್ತಿಗೆಯನ್ನು ಕೇಳಿ ಹೇಳುತ್ತೇನೆ ಎಂದ. ನೀವು ಬರಬೇಡ ಎಂದರೆ ನಾನು ತಪ್ಪು ತಿಳಿಯುವುದಿಲ್ಲ. ಗಂಜಿ ಪಾತ್ರೆಯಲ್ಲಿ ಒಂದು ಚೀಟಿ ಹಾಕಿದರೆ ಸಾಕು.

ಭಾವನಾ


ಬಜಗೋಳಿ
7 ಫೆಬ್ರವರಿ, ಬುಧವಾರ

ಭಾವನಾ,

ನಿನ್ನ ದೊಡ್ಡ ಕಾಗದ ಓದಿ ಸಿಟ್ಟು ಬಂತು. ಕನ್ನಡದಲ್ಲಿ ಬರೆಯಲು ಆಗದಷ್ಟು ಸಿಟ್ಟು. ಮೂರು ದಿನ ದನದ ಎದುರು ನಿಂತು ತುಳುವಿನಲ್ಲಿ ಬೈದೆ. ಊರೆಲ್ಲ ಹೊಗಳಿಕೊಂಡು ಬಂದೆನಲ್ಲ, ಆ ನೀರನ್ನು! ಕಾಲಿನ ನೋವಿಗಿಂತ ಅದು ಹೆಚ್ಚು ನೋವಾಯಿತು. ಬಚ್ಚಲ ಕಡೆ ಹೋಗಲಿಲ್ಲ. ಬಾವಿಕಟ್ಟೆಯಲ್ಲಿ ತಣ್ಣೀರು ಮಿಂದೆ. ಕಾಲು ಊದಿಕೊಂಡಿತು. ನಿನಗೆ ಗಂಜಿ ಕಳುಹಿಸಿದ್ದು ಪ್ರೀತಿಯಿಂದ ಅಲ್ಲ. ಬಾಣಂತಿಗೆ ಗಂಜಿ ತಪ್ಪಿಸಬಾರದು ಎಂದು, ಅಷ್ಟೇ.

ಹೋದ ಶನಿವಾರ ಬಚ್ಚಲಿಗೆ ಹೋಗಿ ಹುಡುಕಿದೆ. ಒಲೆಗೆ ಇಟ್ಟ ಒಣ ತೆಂಗಿನ ಮಡಲಿನ ರಾಶಿಯ ಹಿಂದೆ ನಿನ್ನ ಬೀಡಿ ತುಂಡುಗಳು ಇದ್ದವು. ಎಲ್ಲ ತೆಗೆದು ಅಂಗಳದಲ್ಲಿ ಬಿಸಿಲಿಗೆ ಹರಡಿ ನೋಡಿದೆ. ನೂಲು ಸುಟ್ಟಿರಲಿಲ್ಲ. ಅರ್ಧಕ್ಕರ್ಧ ಎಡಕ್ಕೆ ಸುತ್ತಿದ್ದು. ನಿನ್ನ ಹೊಟ್ಟೆಯಲ್ಲಿದ್ದ ಮಗುವಿಗೆ ಹೋದ ಹೊಗೆಯಲ್ಲಿ ಅರ್ಧ ನನ್ನ ಕೈಯದ್ದು. ಹಾಗಾಗಿ ನಿನ್ನ ಕೈ ಮಾತ್ರ ಮುಟ್ಟಬಾರದ ಕೈ ಎಂದು ಇನ್ನೊಮ್ಮೆ ಬರೆದರೆ ಎರಡು ಬಾರಿಸುತ್ತೇನೆ.

ಈಗ ನಾನೂ ಒಂದು ಹೇಳಬೇಕು. ಇದನ್ನು ರೋಹಿತನಿಗೂ ಹೇಳಿಲ್ಲ.

ನನ್ನ ಎಡ ಕಿವಿ ಮಾತ್ರ ಪೂರ್ತಿ ಹೋಗಿದ್ದು. ಬಲ ಕಿವಿ ಅರ್ಧ ಉಂಟು. ದೊಡ್ಡ ಶಬ್ದ ಕೇಳುತ್ತದೆ. ಹತ್ತಿರ ಬಂದು ಹೇಳಿದರೆ ಮಾತೂ ಕೇಳುತ್ತದೆ. ರೋಹಿತನ ಅಪ್ಪ ಬದುಕಿದ್ದಾಗ ಬೈಗುಳ ಬಿಟ್ಟರೆ ಬೇರೆ ಏನೂ ಕೇಳಿದವಳಲ್ಲ ನಾನು. ಎಡ ಕಿವಿ ಹೋದಾಗ ಎರಡೂ ಹೋಯಿತು ಎಂದೆ. ಬೈದರೂ ಇವಳಿಗೆ ಕೇಳುವುದಿಲ್ಲ ಎಂದು ಅವರಿಗೆ ಬೈಯಲು ಬೇಜಾರಾಯಿತು. ಎಂತ ಸುಖ ಅಂದುಕೊಂಡೆ. ಅವರು ಹೋದ ಮೇಲೂ ಅದೇ ಅಭ್ಯಾಸ ಆಯಿತು. ಊರಿನ ರಗಳೆ ಬೇಡ, ಫೋನಿನ ಕಿರಿಕಿರಿ ಬೇಡ.

ಬಚ್ಚಲಿನಲ್ಲಿ ನೀನು ಕೆಮ್ಮಿದ್ದು ನನಗೆ ಕೇಳಿಸಿತ್ತು. ಒಲೆಯ ಹೊಗೆ ಅಂದುಕೊಂಡೆ. ಒಂದು ದಿನ ಫೋನಿನಲ್ಲಿ ರೋಹಿತನ ಹತ್ತಿರ “ನನಗೆ ಇಲ್ಲಿ ಯಾರೂ ಇಲ್ಲ” ಎಂದು ಜೋರಾಗಿ ಅತ್ತಿಯಲ್ಲ, ಅದೂ ಕೇಳಿಸಿತ್ತು. ಗೋಡೆಯ ಈಚೆ ನಾನಿದ್ದೆ. ಎದ್ದು ಬರಬೇಕಿತ್ತು. ಎದ್ದು ಬಂದರೆ ನನಗೆ ಕಿವಿ ಕೇಳುತ್ತದೆ ಎಂದು ಗೊತ್ತಾಗುತ್ತದಲ್ಲ, ಅದಕ್ಕೆ ತಲೆ ಬಗ್ಗಿಸಿ ಬೀಡಿ ಕಟ್ಟುತ್ತಾ ಕೂತೆ. ಆಮೇಲೆ ನೀನು ಬಿಸಿನೀರು ತಂದಿಟ್ಟೆ, ನಾನು ನಿನ್ನ ತಲೆ ಸವರಿದೆ.

ಆ ನೀರು ಬಿಸಿ ಇದ್ದದ್ದು ಸುಳ್ಳಲ್ಲ ಮಗಾ. ಅದರಲ್ಲಿ ನನ್ನ ಕಾಲಿನ ನೋವು ಹೋಗುತ್ತಿತ್ತು. ಅದನ್ನು ಬ್ರಾಂಚಿನಲ್ಲಿ ಹೇಳಿದ್ದನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ.

ಬಚ್ಚಲ ಒಲೆಯನ್ನು ನಿನ್ನೆ ಒಡೆಸಿದೆ. ಹಂಡೆಯನ್ನು ದನದ ಹಟ್ಟಿಯ ಆಚೆ ಮೂರು ಕಲ್ಲಿನ ಮೇಲೆ ಇಟ್ಟಾಯಿತು. ಅಲ್ಲಿಂದ ಹೊಗೆ ಮನೆಗೆ ಬರುವುದಿಲ್ಲ, ಗಾಳಿ ನೋಡಿಯೇ ಇಟ್ಟದ್ದು. ಕಾರ್ಕಳಕ್ಕೆ ನಾನು ಹೋಗುವುದಿಲ್ಲ. ಮೈಯ ತಂಬಾಕು ಹೋಗುವವರೆಗೆ ಮಗುವನ್ನು ಒಗೆದ ಬಟ್ಟೆ ಹೊದೆದು ಎತ್ತಿಕೊಂಡರೆ ಆಗುತ್ತದಾ ಎಂದು ಡಾಕ್ಟರನ್ನು ಕೇಳಿ ಬಾ. ಆಗುವುದಿಲ್ಲ ಎಂದರೆ ದೂರದಿಂದ ನೋಡುತ್ತೇನೆ. ರೋಹಿತನಿಗೆ ಜೋಸ್ಲಿನ್ ಬಾಯಿಯ ಫೋನಿನಲ್ಲಿ ಹೇಳಿದ್ದೇನೆ. ಬಲ ಕಿವಿಗೆ ಇಟ್ಟು ಅವನ ಮಾತು ಪೂರ್ತಿ ಕೇಳಿಸಿಕೊಂಡೆ. ಅವನಿಗೆ ಆಶ್ಚರ್ಯದಲ್ಲಿ ಸಿಟ್ಟು ಮರೆತುಹೋಯಿತು.

ಶನಿವಾರ ಜೋಸ್ಲಿನ್ ಬಾಯಿಯ ಜೊತೆ ಮೊದಲ ಬಸ್ಸಿಗೆ ಬರುತ್ತೇನೆ. ಆ ಮೆಟ್ಟಿಲನ್ನು ಹೇಗಾದರೂ ಹತ್ತುತ್ತೇನೆ. ನೀನು ಕೆಳಗೆ ಬಂದು ಕಾಯಬೇಡ, ಮಗುವಿನ ಹತ್ತಿರ ಇರು.

ಇನ್ನು ಬಾಣಂತಿಗೆ ನೀರು ಕಾಯಿಸುವುದು ನಾನು. ಊಟ ಆದ ಮೇಲೆ ಕೈ ನಡುಗುವ ಹೊತ್ತಿಗೆ ಜಗಲಿಗೆ ಬಂದು ನನ್ನ ಬಲಗಡೆ ಕೂತುಕೋ. ಕಾಪುವಿನದ್ದು, ಅಪ್ಪನದ್ದು, ಎಂತ ಬೇಕಾದರೂ ಹೇಳು. ಬೇಗಬೇಗ ಹೇಳಬೇಕಾಗಿಲ್ಲ. ಈಗ ನನ್ನ ಕೈಯಲ್ಲಿ ಕೆಲಸವೂ ಇಲ್ಲ.

ವನಜಾಕ್ಷಿ